ನಲ್ಲನಿಗಾಗಿ ಹಾಡಿದ ಗಂಡುದನಿ

1933ರಲ್ಲಿ ಹಲಸಂಗಿಯ ಕವಿಯೊಬ್ಬರ ಪುಸ್ತಕ ಹೊರಬಂತು. ಹೆಸರು ‘ನನ್ನ ನಲ್ಲ’. ಬರೆದವರು ಚೆನ್ನಮಲ್ಲಪ್ಪ ಗಲಗಲಿ, ಕನ್ನಡ ಓದುಗರ ಪಾಲಿಗೆ ಮಧುರಚೆನ್ನ. ಹುಟ್ಟಿದ್ದು 1903ರಲ್ಲಿ, ಅಂದರೆ ಆಗ ಅವರಿಗೆ ಮೂವತ್ತರ ಹರೆಯ. ಊರು ಅಂದಿನ ಇಂಡಿ ತಾಲ್ಲೂಕಿನದು, ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಮಳೆ ಕೈಕೊಟ್ಟರೆ ಜೋಳವೂ ಕೈಗೆ ಹತ್ತದ ಆ ಸೀಮೆಯಲ್ಲಿ ಕೂತು ಒಬ್ಬ ಗಂಡಸು ತನ್ನ ನಲ್ಲನಿಗಾಗಿ ಹಂಬಲಿಸಿ ಹಾಡು ಕಟ್ಟಿದ. ನಲ್ಲ ಬರಲಿಲ್ಲ ಎಂಬ ನೋವು, ಬಂದಾನೆಂಬ ಆಸೆ, ಅವನ ಹೊರತು ಬೇರೇನೂ ಬೇಡವೆಂಬ ಹಟ, ಎಲ್ಲವೂ ಆ ಕವಿತೆಗಳಲ್ಲಿವೆ. ಊರವರು ಅದನ್ನು ಕೇಳಿ ಹುಬ್ಬೇರಿಸಲಿಲ್ಲ, ಓದಿದವರು ಮುಖ ತಿರುಗಿಸಲಿಲ್ಲ. ಹೊಸಗನ್ನಡದ ಅನುಭಾವ ಕಾವ್ಯದಲ್ಲಿ ಅದಕ್ಕೆ ದೊಡ್ಡ ಜಾಗ ಸಿಕ್ಕಿತು.

ಆ ನಲ್ಲ ದೇವರು. ಮಧುರಚೆನ್ನರು ಶ್ರೀ ಅರವಿಂದರ ದಾರಿಯಲ್ಲಿ ನಡೆದ ಸಾಧಕರು. ಅವರ ಬದುಕಿಗೆ ಇಂದಿನ ಯಾವ ಹೆಸರನ್ನೂ ಅಂಟಿಸುವ ಹಕ್ಕು ನಮಗಿಲ್ಲ. ಹಾಗಿದ್ದೂ ಒಂದು ಪ್ರಶ್ನೆ ಉಳಿಯುತ್ತದೆ. ಗಂಡಸೊಬ್ಬ ಗಂಡಿಗಾಗಿ ಕಣ್ಣೀರಿಡುವ ಭಾಷೆ ಅಷ್ಟು ಸಲೀಸಾಗಿ ಅವರ ಕೈಗೆ ಎಲ್ಲಿಂದ ಬಂತು? ಬೀಳಗಿ, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿಗಳ ಸುತ್ತ ಹರಿದಾಡಿದ ಹಾಡುಗಳನ್ನು ಹಿಂದಕ್ಕೆ ಹಿಡಿದು ಹೋದರೆ ಉತ್ತರ ಸಿಗುತ್ತದೆ. ಅದರ ಜೊತೆಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಇಂದು ಸಲಿಂಗಪ್ರೇಮವೆಂದರೆ ಹೊರದೇಶದ ಸರಕು ಎನ್ನುವವರು ತಮ್ಮ ಅಂಗಳದ ಹಾಡನ್ನೇ ಪೂರ್ತಿ ಕೇಳಿಸಿಕೊಂಡಿಲ್ಲ.

ಬೀಸುವ ಕಲ್ಲಿನ ಪಾಠ

‘ನನ್ನ ನಲ್ಲ’ಕ್ಕಿಂತ ಎರಡು ವರ್ಷ ಮೊದಲು, 1931ರಲ್ಲಿ, ‘ಗರತಿಯ ಹಾಡು’ ಪ್ರಕಟವಾಗಿತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರನ್ನೆಲ್ಲ ಒಟ್ಟಾಗಿ ‘ಹಲಸಂಗಿ ಗೆಳೆಯರು’ ಎಂದು ಕರೆಯುತ್ತಾರೆ. ಹೆಂಗಸರು ಬೀಸುವಾಗ, ಕುಟ್ಟುವಾಗ, ಮಕ್ಕಳನ್ನು ತೂಗುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಈ ಗಂಡುಮಕ್ಕಳು ಕೇಳಿ ಬರೆದುಕೊಂಡರು. ಲಾವಣಿಗಳ ‘ಜೀವನ ಸಂಗೀತ’ 1933ರಲ್ಲಿ, ‘ಮಲ್ಲಿಗೆ ದಂಡೆ’ 1935ರಲ್ಲಿ ಬಂದವು. ಕನ್ನಡ ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಈ ಮೂರೂ ಮೈಲಿಗಲ್ಲುಗಳು.

ಹೆಣ್ಣಿನ ಹಾಡನ್ನು ಬರೆದುಕೊಳ್ಳುವ ಗಂಡಸು ಕಿವಿಯಿಂದ ಕೈಗೆ ಪದವನ್ನಷ್ಟೇ ಇಳಿಸಿಕೊಳ್ಳುವುದಿಲ್ಲ. ಬೆಳಗಿನ ಜಾವ ಕಲ್ಲಿನ ಗೂಟ ಹಿಡಿದು ತಿರುಗಿಸುತ್ತ ಹಾಡುವ ಹೆಣ್ಣುಮಗಳು ತವರನ್ನು, ಅಣ್ಣನನ್ನು, ಮುನಿದ ಗಂಡನನ್ನು ನೆನೆಯುವ ರೀತಿಯೇ ಬೇರೆ. ಎದುರಿಗೆ ಇಲ್ಲದವರನ್ನು ಎದುರಿಗೇ ಇದ್ದಾರೆಂಬಂತೆ ಮಾತಾಡಿಸುತ್ತಾಳೆ. ಮೂರು ಸಾಲಿನಲ್ಲಿ ಸಿಟ್ಟು ಎದ್ದು, ಅದೇ ಮೂರು ಸಾಲಿನಲ್ಲಿ ಕರಗುತ್ತದೆ. ಆ ಮಾತಿನ ವರಸೆಯನ್ನು ವರ್ಷಗಟ್ಟಲೆ ಕೇಳಿಸಿಕೊಂಡ ಮಧುರಚೆನ್ನರು ತಮ್ಮ ಒಳಗಿನ ಹಂಬಲಕ್ಕೆ ಬಾಯಿ ಕೊಡುವಾಗ ಅದೇ ಧಾಟಿಗೆ ಒಲಿದದ್ದು ಸಹಜ. ಗಂಡಸಿನ ಬಾಯಲ್ಲಿ ಹೆಣ್ಣಿನ ದನಿ ಹುಟ್ಟಿಕೊಂಡ ಒಂದು ಬಗೆ ಇದು. ಅದಕ್ಕೂ ಹಳೆಯದೊಂದು ಬಗೆ ಇದೇ ಭೀಮಾತೀರದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಇತ್ತು.

ಭೀಮೆಯ ಆಚೆ, ಕೃಷ್ಣೆಯ ಈಚೆ

ಇಂಡಿಯಿಂದ ಭೀಮಾನದಿ ದಾಟಿದರೆ ಅಕ್ಕಲಕೋಟೆ ತಾಲ್ಲೂಕು. ನಕಾಶೆಯಲ್ಲಿ ಸೊಲ್ಲಾಪುರ ಜಿಲ್ಲೆ, ಮನೆಮಾತಿನಲ್ಲಿ ಇಂದಿಗೂ ಕನ್ನಡ. ಅಲ್ಲಿಯ ಕರಜಗಿಯವನು ಹನ್ನೆರಡನೆಯ ಶತಮಾನದ ವಚನಕಾರ ಗಜೇಶ ಮಸಣಯ್ಯ. ‘ಮಹಾಲಿಂಗ ಗಜೇಶ್ವರ’ ಅವನ ಅಂಕಿತ. ಅವನ ಹೆಂಡತಿಯೂ ವಚನಕಾರ್ತಿ. ಮದುವೆಯಾಗಿ ಸಂಸಾರ ಮಾಡಿದ ಈ ಶರಣ ತನ್ನ ವಚನಗಳಲ್ಲಿ ಮಾತಾಡುವುದು ಹೆಣ್ಣಾಗಿ, ಅದೂ ವಿರಹಿಣಿಯಾಗಿ. ಅವನು ನೇರವಾಗಿ ದೇವರಿಗೆ ಹೇಳಿಕೊಳ್ಳುವುದಕ್ಕಿಂತ ಹೆಚ್ಚಾಗಿ ಕೆಳದಿಗೆ ಹೇಳಿಕೊಳ್ಳುತ್ತಾನೆ: ನಲ್ಲ ಮುನಿದದ್ದು, ಕಾದು ಕಾದು ಸೋತದ್ದು, ಕೂಡಿದಾಗಿನ ಸುಖ ಮಾತಿಗೆ ನಿಲುಕದೆ ಹೋದದ್ದು. ಬಾರದ ನಲ್ಲನ ಎದುರು ಹೇಳಲಾಗದ್ದನ್ನು ಹೇಳಿಕೊಳ್ಳಲು ಒಂದು ಕಿವಿ ಬೇಕು. ಆ ಕಿವಿಯೇ ಕೆಳದಿ. ತಿರುಗಿ ಸಿಗದ ಪ್ರೀತಿಯ ಹಾಡು ಯಾವ ದೇಶದ್ದೇ ಇರಲಿ, ಅದರ ಕಟ್ಟಡಕ್ಕೆ ಇಂಥ ಮೂರನೆಯವರೊಬ್ಬರು ಬೇಕೇಬೇಕು ಎಂಬುದನ್ನು ಮುಂದೆ ನೋಡುತ್ತೇವೆ.

ಇವನ ಸಾಲಿನಲ್ಲೇ ನಿಲ್ಲುವವನು ಕಂಧಾರದ ಉರಿಲಿಂಗದೇವ, ಉರಿಲಿಂಗಪೆದ್ದಿಯ ಗುರು. ಅವನ ವಚನಗಳಲ್ಲಿ ಅಪ್ಪುಗೆ, ಕೂಟಗಳ ಮಾತು ಮುಚ್ಚುಮರೆಯಿಲ್ಲದೆ ಬರುತ್ತದೆ. ಇಂದಿನ ಓದುಗರೇ ಒಂದು ಕ್ಷಣ ಪುಸ್ತಕ ಮಡಚಿ ಯೋಚಿಸುವಷ್ಟು ಬಿಚ್ಚುಮಾತು ಅದು. ಶರಣ ಸತಿ, ಲಿಂಗ ಪತಿ ಎಂಬ ತತ್ವ ಇವರಿಬ್ಬರಿಗೂ ಆಸರೆ. ಭಕ್ತರೆಲ್ಲ ಹೆಂಡಿರು, ಗಂಡ ಒಬ್ಬನೇ ಶಿವ. ಈ ತತ್ವದ ನೆರಳಲ್ಲಿ ಗಡ್ಡ ಮೀಸೆಯ ಗಂಡಸು ‘ನನ್ನ ಗಂಡ’ ಎಂದು ಹಾಡಬಹುದಿತ್ತು.

ಆದರೆ ಈ ನೆರಳಿಗೆ ಒಂದು ಮಿತಿಯಿದೆ, ಅದನ್ನು ಮರೆಮಾಚಬಾರದು. ಗಂಡನ್ನು ಪ್ರೀತಿಸಬೇಕಾದರೆ ಗಂಡು ಮೊದಲು ಹೆಣ್ಣಾಗಬೇಕು. ಜೋಡಿ ಕೊನೆಗೂ ಗಂಡು-ಹೆಣ್ಣಿನ ಜೋಡಿಯಾಗಿಯೇ ಉಳಿಯುತ್ತದೆ. ಈ ಮಿತಿಯನ್ನು ಸಡಿಲಿಸಿದವರೂ ಇದೇ ನೆಲದವರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಒಂದು ವಚನದಲ್ಲಿ ತಾನು ತೊಟ್ಟ ಗಂಡುಡುಗೆ ದೇವರಿಗಾಗಿ ತೊಟ್ಟದ್ದು, ಒಮ್ಮೆ ತಾನು ಗಂಡು, ಒಮ್ಮೆ ಹೆಣ್ಣು ಎನ್ನುತ್ತಾನೆ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ಇನ್ನೂ ಮುಂದೆ ಹೋಗಿ, ಮೊಲೆ ಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡೆನ್ನುತ್ತಾರೆ, ನಡುವೆ ಸುಳಿವ ಆತ್ಮ ಎರಡೂ ಅಲ್ಲವೆಂದು ಸಾರಿಬಿಟ್ಟ. ಅಕ್ಕಮಹಾದೇವಿ ಲೋಕದ ಗಂಡಂದಿರನ್ನೇ ಒಲ್ಲೆನೆಂದಳು. ಗಂಡು ಹೀಗೇ, ಹೆಣ್ಣು ಹೀಗೇ, ಒಲವು ಇಂಥವರ ನಡುವೆಯೇ ಎಂಬ ಲೋಕದ ಕಟ್ಟಳೆಯನ್ನು ಇವರು ಮೂವರೂ ಮೂರು ದಿಕ್ಕಿನಿಂದ ಅಲುಗಾಡಿಸಿದರು.

ಈ ವಚನಗಳು ಇಂದು ನಮ್ಮ ಕೈಯಲ್ಲಿರುವುದಕ್ಕೂ ವಿಜಯಪುರ ಜಿಲ್ಲೆಗೆ ಋಣಿಯಾಗಿರಬೇಕು. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಓಲೆಗರಿ ಹುಡುಕುತ್ತ ಊರೂರು ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹೂಡಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಮುಂದೆ ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 15 ಸಮಗ್ರ ವಚನ ಸಂಪುಟಗಳು ಬಂದವು. ಬಸವಣ್ಣ, ಅಕ್ಕರ ಜೊತೆಗೆ ಹೆಸರು ಕೇಳದ ಎಷ್ಟೋ ಶರಣರ ಮಾತೂ ಅಲ್ಲಿ ಸೇರಿತು. ಗಂಡಸಿನ ವಿರಹದ ಈ ಹಳೆಯ ದಾಖಲೆಯನ್ನು ಯಾರಾದರೂ ತಿದ್ದಿ, ಸೋಸಿ, ಸಭ್ಯಗೊಳಿಸಿ ಕೊಟ್ಟಿದ್ದರೆ ಇಂದು ನಾವು ಬಡವರಾಗುತ್ತಿದ್ದೆವು. ಆ ಕೆಲಸಕ್ಕೆ ಕೈಹಾಕದೆ ಇದ್ದದ್ದನ್ನು ಇದ್ದಂತೆ ಉಳಿಸಿದ ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು.

ಓದುವ ವಚನ ಹಾಡುವ ವಚನವಾಗಿ ಮನೆಮನೆ ಸೇರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ಕಂಠದಲ್ಲಿ ವಚನ ರೇಡಿಯೋ ಹತ್ತಿತು. ಅಕ್ಕ ಕನಸು ಕಂಡ ವಚನವನ್ನು ಮನಸೂರರು ಹಾಡಿದ್ದನ್ನು ಕೇಳಿದವರಿಗೆ ಗೊತ್ತು: ಧೋತರ, ಟೊಪ್ಪಿಗೆಯ ಒಬ್ಬ ಹಿರಿಯ ಗಂಡಸು ತನ್ನ ಕನಸಿಗೆ ಬಂದ ಚೆಲುವನನ್ನು ಬಣ್ಣಿಸುತ್ತಾನೆ, ದನಿ ಒಂದಿಷ್ಟೂ ಹೆಣ್ಣಿಗನಾಗುವುದಿಲ್ಲ, ನಾಟಕಕ್ಕೆ ಇಳಿಯುವುದಿಲ್ಲ. ಗಂಡುದನಿಯಲ್ಲೇ ಆ ಒಲವು ತುಂಬಿ ನಿಲ್ಲುತ್ತದೆ. ಕೇಳುವವರು ಅದನ್ನು ಭಕ್ತಿ ಎಂದು ಕರೆದು ಕೈಮುಗಿದರು. ಕಿವಿಗೆ ಮುಟ್ಟಿದ್ದು ಮಾತ್ರ ಗಂಡಸೊಬ್ಬನ ಕಂಠದಲ್ಲಿ ಇನ್ನೊಬ್ಬ ಗಂಡಿನ ಚೆಲುವು.

ಆದಿಲ್‌ಶಾಹಿ ಊರಿನ ಗಜಲು

ವಚನದ ದಾರಿಯಲ್ಲಿ ಗಂಡು ಹೆಣ್ಣಾಗಿ ಹಾಡಿದ. ಅದೇ ವಿಜಯಪುರದ ಇನ್ನೊಂದು ದಾರಿ ಪರ್ಷಿಯನ್ ಮತ್ತು ದಖನಿಯದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ಸಂಗೀತಕ್ಕಾಗಿಯೇ ನವರಸಪುರವೆಂಬ ಊರು ಕಟ್ಟಲು ಹೊರಟವನು; ‘ಕಿತಾಬ್-ಎ-ನೌರಸ್’ ಎಂಬ ಅವನ ದಖನಿ ಹಾಡುಗಳಲ್ಲಿ ಸರಸ್ವತಿಯೂ ಇದ್ದಾಳೆ, ಕಲಬುರಗಿಯ ಬಂದೇನವಾಜರೂ ಇದ್ದಾರೆ. ಗಜಲಿನ ರೂಢಿಯಲ್ಲಿ ಕವಿ ಗಂಡಸು, ಅವನು ಹಂಬಲಿಸುವ ಪ್ರಿಯತಮನೂ ಹೆಚ್ಚಾಗಿ ಗಂಡೇ. ಹೆಣ್ಣಾಗುವ ಹಂಗು ಇಲ್ಲಿಲ್ಲ. ಪ್ರಿಯನು ಕಣ್ಣೆತ್ತಿ ನೋಡುವುದಿಲ್ಲ, ಪ್ರೇಮಿ ಹೊಸ್ತಿಲಲ್ಲಿ ಬಿದ್ದಿರುತ್ತಾನೆ. ತಿರುಗಿ ಸಿಗದ ಒಲವು ಗಜಲಿಗೆ ಉಸಿರಿದ್ದಂತೆ.

ಎರಡನೆಯ ಅಲಿ ಆದಿಲ್‌ಶಾಹನ (1656–1672) ಕಾಲದ ಹಾಶ್ಮಿ ಬಿಜಾಪುರಿ ಮತ್ತೊಂದು ತಿರುವು ತಂದ. ಅವನು ಗಜಲನ್ನು ಹೆಣ್ಣಿನ ಬಾಯಿಗೆ ಕೊಟ್ಟ, ಅಂತಃಪುರದ ಆಡುಮಾತಿನಲ್ಲಿ ಬರೆದ. ಮುಂದೆ ಲಖನೌದಲ್ಲಿ ‘ರೇಖ್ತಿ’ ಎಂದು ಹೆಸರಾದ ಕಾವ್ಯಪ್ರಕಾರದ ಮೊದಲಿಗರಲ್ಲಿ ಅವನನ್ನು ಎಣಿಸುತ್ತಾರೆ. ಲಖನೌದ ರೇಖ್ತಿಯಲ್ಲಿ ಹೆಣ್ಣು ಹೆಣ್ಣಿಗೆ ಒಲಿಯುವ ಮಾತೂ ಎಗ್ಗಿಲ್ಲದೆ ಬಂತು. ವಿಜಯಪುರದ ಸೂಫಿಗಳಲ್ಲಿಯೂ ಕೆಲವರು ‘ಚಕ್ಕಿನಾಮಾ’ ಬರೆದರು, ಹೆಂಗಸರು ಬೀಸುವಾಗ ಹಾಡಿಕೊಳ್ಳಲೆಂದು. ಹಲಸಂಗಿಯ ಗೆಳೆಯರಿಗಿಂತ ಮುನ್ನೂರು ವರ್ಷ ಮೊದಲೇ ಇಲ್ಲಿಯ ಗಂಡಸರು ಬೀಸುವ ಕಲ್ಲಿನ ಬಳಿ ಹೋಗಿ ಹಾಡು ಕಲಿತಿದ್ದರು, ಕಲಿಸಿದ್ದರು.

ಹಾಶ್ಮಿಗಿಂತ ಮೊದಲೇ ಲಾಹೋರಿನಲ್ಲಿ ಶಾಹ ಹುಸೇನ (1538–1599) ಎಂಬ ಸೂಫಿ ಮಾಧೋಲಾಲನೆಂಬ ಹಿಂದೂ ಯುವಕನಿಗೆ ಒಲಿದ. ಜನ ಆಡಿಕೊಂಡರು, ಅವನು ಮುಚ್ಚಿಡಲಿಲ್ಲ. ಇಬ್ಬರ ಗೋರಿಗಳೂ ಇಂದಿಗೂ ಅಕ್ಕಪಕ್ಕದಲ್ಲಿವೆ, ಸಂತನನ್ನು ಜನ ಎರಡೂ ಹೆಸರು ಸೇರಿಸಿ ಮಾಧೋಲಾಲ್ ಹುಸೇನ ಎಂದೇ ಕರೆಯುತ್ತಾರೆ. ಅವನ ಕಾಫಿಗಳನ್ನು ಪಂಜಾಬಿನ ಗಾಯಕರು ಈಗಲೂ ಹಾಡುತ್ತಾರೆ. ಗಂಡಸಿನ ಒಲವಿಗೆ ಹೆಸರಿಟ್ಟುಕೊಂಡೇ ಬಾಳಿದ ಹಾಡುಗಾರಿಕೆ ಈ ಉಪಖಂಡಕ್ಕೆ ಹೊಸದೇನಲ್ಲ.

ಏಕತಾರಿ, ದಪ್ಪು, ಚೌಡಿಕೆ

ದರಬಾರು ಹೋಯಿತು, ಹಾಡು ಹಳ್ಳಿಯಲ್ಲಿ ಉಳಿಯಿತು. ಸಿಂದಗಿ ಸೀಮೆಗೆ ಹೊಂದಿಕೊಂಡ ಕಡಕೋಳದಲ್ಲಿ ಮಡಿವಾಳಪ್ಪನವರ ತತ್ವಪದ ಪರಂಪರೆ ಬೆಳೆಯಿತು. ಅವರ ಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪನಂಥ ಎಲ್ಲ ಜಾತಿಮತದವರೂ ಇದ್ದರು. ಅಮಾವಾಸ್ಯೆಯ ರಾತ್ರಿ ಮಠದಲ್ಲೋ ಹನುಮಪ್ಪನ ಗುಡಿಯ ಕಟ್ಟೆಯ ಮೇಲೋ ಗಂಡಸರು ಏಕತಾರಿ, ದಮ್ಮಡಿ, ತಾಳ ಹಿಡಿದು ಕೂಡುತ್ತಾರೆ. ಹೊಲದಲ್ಲಿ ದುಡಿದು ಬಂದ ಕೈಗಳು, ಹೆಗಲ ಮೇಲೆ ವಲ್ಲಿ. ಹಾಡಿನಲ್ಲಿ ಜೀವ ಎಂಬುದು ಮದುವಣಗಿತ್ತಿ, ಗುರು ಅವಳ ಕೈಹಿಡಿದ ಗಂಡ. ಮುಂದಾಳು ಸೊಲ್ಲು ಎತ್ತಿಕೊಟ್ಟರೆ ಹಿಂದಿನ ಹತ್ತು ಗಂಡುಕಂಠ ಅದನ್ನೇ ಎತ್ತಿ ಹೇಳುತ್ತವೆ. ಯಾರೂ ನಗುವುದಿಲ್ಲ. ಒಂದೊಂದು ಪದಕ್ಕೆ ಕಣ್ಣೊರೆಸಿಕೊಳ್ಳುವವರೂ ಉಂಟು. ಸಂತ ಶಿಶುನಾಳ ಶರೀಫರು ಮತ್ತು ಗುರು ಗೋವಿಂದಭಟ್ಟರ ನಂಟನ್ನು ನೆನೆಸಿದರೂ ಇದೇ ಕಾಣುತ್ತದೆ: ಜಾತಿಯ, ಮತದ ಗೋಡೆ ದಾಟಿದ ಎರಡು ಗಂಡುಜೀವಗಳ ಒಲವನ್ನು ಉತ್ತರ ಕರ್ನಾಟಕ ತಲೆಯ ಮೇಲೆ ಹೊತ್ತು ಮೆರೆಸಿತು.

ಗೀಗೀ ಮೇಳಗಳಲ್ಲಿ ಹರದೇಶಿ ಗಂಡಿನ ಪಕ್ಷ ಹಿಡಿದರೆ ನಾಗೇಶಿ ಹೆಣ್ಣಿನ ಪಕ್ಷ ಹಿಡಿಯುತ್ತದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ದಪ್ಪು ಬಾರಿಸಿ ಬೆಳಗಿನವರೆಗೂ ಸವಾಲು ಜವಾಬು ನಡೆಯುತ್ತಿತ್ತು. ಗಂಡಸರೇ ಹೆಣ್ಣಿನ ಪಕ್ಷಕ್ಕೆ ನಿಂತು ಅವಳ ಸಿಟ್ಟು ಸೆಡವುಗಳನ್ನು ವಾದಿಸಿ ಗೆಲ್ಲುವುದೂ ಇತ್ತು. ಬಯಲಾಟ, ಪಾರಿಜಾತ, ಕಂಪನಿ ನಾಟಕಗಳಲ್ಲಿ ಸೀರೆಯುಟ್ಟ ಗಂಡಸು ಸತ್ಯಭಾಮೆಯ ವಿರಹ ಹಾಡಿದರೆ ಒನ್ಸ್‌ಮೋರ್ ಕೂಗುತ್ತಿದ್ದರು.

ಇವೆಲ್ಲ ಒಂದು ರಾತ್ರಿಯ ವೇಷ. ಬೆಳಗಾದರೆ ಸೀರೆ ಪೆಟ್ಟಿಗೆ ಸೇರುತ್ತಿತ್ತು. ಬೆಳಗಾದರೂ ಸೀರೆ ಬಿಚ್ಚದವರು ಜೋಗಪ್ಪಗಳು. ಸವದತ್ತಿಯ ಎಲ್ಲಮ್ಮನ, ಹುಲಿಗಿಯ ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಚೌಡಿಕೆ ನುಡಿಸುತ್ತ, ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತ, ಅಮ್ಮನ ಹಾಡು ಹೇಳಿಕೊಂಡು ಜೋಗ ಬೇಡುವವರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಇವರ ಬದುಕು ಗಂಡಸಾಗಿಯೇ ಗಂಡಸನ್ನು ಪ್ರೀತಿಸುವವರ ಬದುಕಿಗಿಂತ ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ. ಆದರೆ ಮನೆಯವರ ಹೊಡೆತ, ಊರಿನ ನಗೆ, ಮನಸ್ಸು ಕೊಟ್ಟವನು ಬೇರೆ ಮದುವೆಯಾಗಿ ಹೋಗುವ ಸಂಕಟ ಇಬ್ಬರಿಗೂ ಸಮಾನ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಈ ಪರಂಪರೆಯಿಂದ ಎದ್ದು ಬಂದು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆ ಹುದ್ದೆಗೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದ ಸಭಾಂಗಣದಲ್ಲಿ ನಡೆದುಬಂದಾಗ, ಅವರು ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ಯಾರನ್ನು ಎದುರಿಗೆ ಕಂಡರೆ ಅಪಶಕುನವೆಂದು ಕೆಲವರು ದಾರಿ ಬದಲಿಸುತ್ತಿದ್ದರೋ, ಅಂಥವರು ದೇಶದ ಮೊದಲ ಪ್ರಜೆಗೆ ದೃಷ್ಟಿ ನಿವಾಳಿಸಿದರು. ಅವರ ಬದುಕಿನ ಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರು. ಮುದನೂರಿನ ದಾಸಿಮಯ್ಯನ ಮಾತು ಹಾಗೆ ಮತ್ತೊಂದು ಜೀವದಲ್ಲಿ ನೆಲೆ ಕಂಡಿತು.

ಹಾಡಿಗೆ ಸಿಕ್ಕ ಸಲುಗೆ, ಬದುಕಿಗೆ ಸಿಗದ ಸಲುಗೆ

ಇಷ್ಟೆಲ್ಲ ಇದ್ದ ನಾಡಿನಲ್ಲಿ 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಂ ಬಂತು. ಇಂಗ್ಲೆಂಡಿನ ಕಾನೂನಿನ ಕಣ್ಣಲ್ಲಿ ಪಾಪವಾಗಿದ್ದ ಸಲಿಂಗಕೂಟ ಇಲ್ಲಿ ಆಜೀವ ಶಿಕ್ಷೆಯವರೆಗೂ ಎಳೆಯಬಲ್ಲ ಅಪರಾಧವಾಯಿತು. ಕಾನೂನು ಬರುವ ಮೊದಲು ನಮ್ಮ ಊರುಗಳಲ್ಲಿ ಇಬ್ಬರು ಗಂಡಸರು ಸುಖವಾಗಿ ಸಂಸಾರ ಮಾಡಿಕೊಂಡಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ವಂಶ, ಆಸ್ತಿ, ಮರ್ಯಾದೆಗಳ ಬಿಗಿ ಆಗಲೂ ಇತ್ತು. ದೇವರ ಮುಂದೆ ಹಾಡುವವರೆಗೆ ಒಪ್ಪಿಗೆ. ನೆರೆಮನೆಯ ಹುಡುಗನಿಗಾಗಿ ಹಾಡಿದರೆ ಬೆತ್ತ. ಕಾನೂನು ಈ ಬಿಗಿಗೆ ಪೊಲೀಸರನ್ನೂ ಕೋರ್ಟನ್ನೂ ಸೇರಿಸಿತು. ಹೆದರಿಸಿ ಹಣ ಕೀಳುವವರಿಗೆ ಅದೊಂದು ಆಯುಧವಾಯಿತು.

ಹೀಗಾಗಿ ಹಾಡು ಒಂದು ಕಡೆ, ಬದುಕು ಒಂದು ಕಡೆ ಉಳಿಯಿತು. ಭಜನೆಯಲ್ಲಿ ನಲ್ಲನಿಗಾಗಿ ಅತ್ತವನು ಮನೆಗೆ ಬಂದು ತನ್ನ ಮಗ ಗೆಳೆಯನಿಗಾಗಿ ಅತ್ತರೆ ಬಾಗಿಲು ಹಾಕಿಕೊಂಡ. ನನ್ನ ಮನಸ್ಸಿಗೆ ತೀರಾ ನೋವು ಕೊಡುವ ಸಂಗತಿ ಇದು. ಹಂಬಲದ ಇಷ್ಟು ದೊಡ್ಡ ಭಂಡಾರ ಕಟ್ಟಿದ ಜನ, ಆ ಭಂಡಾರದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದ ಹುಡುಗನಿಗೆ ಅದರ ಕೀಲಿಕೈ ಕೊಡಲಿಲ್ಲ.

ಹೊರಗಿನ ಲೋಕ ಬಾಯಿಬಿಟ್ಟ ಬಗೆ

ಹಲಸಂಗಿ ಗೆಳೆಯರು ತ್ರಿಪದಿ ಬರೆದುಕೊಳ್ಳುತ್ತಿದ್ದ ದಿನಗಳಲ್ಲೇ, 1928ರಲ್ಲಿ, ಅಮೆರಿಕೆಯ ಕರಿಯ ಗಾಯಕಿ ಮಾ ರೇನಿ ತನಗೆ ಗಂಡಸರ ಸಂಗ ಬೇಡ, ಹೆಂಗಸರ ಸಂಗ ಸಾಕೆಂದು ಒಂದು ಬ್ಲೂಸ್ ಹಾಡನ್ನು ರೆಕಾರ್ಡ್ ಮಾಡಿದಳು. ಸಾಧ್ಯವಿದ್ದರೆ ರುಜುವಾತು ಮಾಡಿ ಎಂದು ಸವಾಲು ಹಾಕಿದಳು. 1973ರಲ್ಲಿ ಸಿಯಾಟಲ್‌ನ ಪ್ಯಾಟ್ರಿಕ್ ಹ್ಯಾಗರ್ಟಿ ‘ಲ್ಯಾವೆಂಡರ್ ಕಂಟ್ರಿ’ ಎಂಬ ತಂಡ ಕಟ್ಟಿ, ಹಳ್ಳಿಗಾಡಿನ ಕಂಟ್ರಿ ಸಂಗೀತದಲ್ಲಿ ಸಲಿಂಗಪ್ರೇಮದ ಮೊದಲ ಆಲ್ಬಂ ತಂದ. ಅಚ್ಚಾದದ್ದು 1,000 ಪ್ರತಿ ಮಾತ್ರ. 2014ರಲ್ಲಿ ಮರುಬಿಡುಗಡೆಯಾಗಿ ಹೊಸ ಪೀಳಿಗೆ ಅದನ್ನು ತಲೆಯ ಮೇಲೆ ಹೊತ್ತಿತು. 1978ರಲ್ಲಿ ಇಂಗ್ಲೆಂಡಿನ ಟಾಮ್ ರಾಬಿನ್ಸನ್ ಪೊಲೀಸರ ಕಾಟವನ್ನು ಎತ್ತಿ ಹಾಡಿದ. 1984ರಲ್ಲಿ ‘ಬ್ರಾನ್‌ಸ್ಕಿ ಬೀಟ್’ ತಂಡದ ಜಿಮ್ಮಿ ಸೋಮರ್‌ವಿಲ್ ಹಾಡಿದ ‘ಸ್ಮಾಲ್‌ಟೌನ್ ಬಾಯ್’ ಸಣ್ಣ ಊರಿನ ಹುಡುಗನೊಬ್ಬ ತನ್ನ ಒಲವಿನ ಕಾರಣಕ್ಕೆ ಮನೆ ಬಿಟ್ಟು ಹೋಗುವ ಕತೆ. ರೈಲು ಮುಟ್ಟದ ಸಿಂದಗಿಯ ಬಸ್‌ಸ್ಟ್ಯಾಂಡಿನಿಂದ ಪುಣೆಗೋ ಬೆಂಗಳೂರಿಗೋ ರಾತ್ರಿ ಬಸ್ಸು ಹಿಡಿಯುವ ಯಾವ ಹುಡುಗನಿಗೂ ಆ ಹಾಡಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

2012ರ ಜುಲೈ 4ರಂದು ಅಮೆರಿಕೆಯ ಗಾಯಕ ಫ್ರಾಂಕ್ ಓಶನ್ ಒಂದು ಬಹಿರಂಗ ಪತ್ರ ಬರೆದ. ಹತ್ತೊಂಬತ್ತರ ಹರೆಯದಲ್ಲಿ ತಾನು ಮೊದಲ ಸಲ ಒಲಿದದ್ದು ಒಬ್ಬ ಹುಡುಗನಿಗೆ, ಆ ಒಲವು ತಿರುಗಿ ಸಿಗಲಿಲ್ಲವೆಂದು ಅದರಲ್ಲಿ ಹೇಳಿಕೊಂಡಿದ್ದ. ಅದೇ ತಿಂಗಳು ಬಂದ ‘ಚಾನೆಲ್ ಆರೆಂಜ್’ ಆಲ್ಬಮ್ಮಿನ ಒಂದು ಹಾಡಿನಲ್ಲಿ ಅವನು ಬಾಡಿಗೆ ಟ್ಯಾಕ್ಸಿ ಹತ್ತಿ, ಚಾಲಕನ ಮುಂದೆ ತನ್ನ ಎದೆ ತೋಡಿಕೊಳ್ಳುತ್ತಾನೆ. ಕರಜಗಿಯ ಗಜೇಶ ಮಸಣಯ್ಯನಿಗೆ ಕೆಳದಿ ಇದ್ದ ಜಾಗದಲ್ಲಿ ಇವನಿಗೆ ಟ್ಯಾಕ್ಸಿ ಚಾಲಕ. ಒಲಿಯದ ನಲ್ಲನ ಎದುರು ಬಾಯಿ ಕಟ್ಟಿಹೋದವನು ಮೂರನೆಯ ಜೀವವನ್ನು ಹುಡುಕುತ್ತಾನೆ. ಇಬ್ಬರ ನಡುವೆ ಎಂಟುನೂರಕ್ಕೂ ಹೆಚ್ಚು ವರ್ಷ, ಏಳು ಸಮುದ್ರ. ನೋವು ಹಿಡಿದ ದಾರಿ ಒಂದೇ.

ಕನ್ನಡದಲ್ಲಿ

ಕನ್ನಡದಲ್ಲಿ ಈ ಮಾತು ಮೊದಲು ಬಿಚ್ಚಿಕೊಂಡದ್ದು ಹಾಡಿನಲ್ಲಲ್ಲ, ಕತೆಯಲ್ಲಿ. 1969ರಲ್ಲಿ ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನ ತಂದರು. ‘ಕಗ್ಗಂಟು’ ಕತೆಯ ಮೋಹನಸ್ವಾಮಿ ಯಾರನ್ನು ಮನಸಾರೆ ನಂಬಿದ್ದನೋ ಆ ಕಾರ್ತಿಕ ಹುಡುಗಿಯೊಬ್ಬಳ ಕೈಹಿಡಿಯಲು ಹೊರಡುತ್ತಾನೆ. ಗರತಿಯ ಹಾಡಿನ ಹೆಣ್ಣಿಗೆ ಗಂಡ ಸವತಿಯನ್ನು ತಂದರೆ ತ್ರಿಪದಿ ಕಟ್ಟಿ ಶಪಿಸುವ ಅವಕಾಶವಿತ್ತು. ಮೋಹನಸ್ವಾಮಿಗೆ ಅದೂ ಇಲ್ಲ. ಅವನು ಏನನ್ನು ಕಳೆದುಕೊಂಡನೆಂದು ಯಾರಿಗೂ ಹೇಳುವಂತಿಲ್ಲ. ಆ ವರ್ಷದ ಡಿಸೆಂಬರ್ 11ರಂದೇ ಸುಪ್ರೀಂ ಕೋರ್ಟ್, ದೆಹಲಿ ಹೈಕೋರ್ಟ್ 2009ರಲ್ಲಿ 377ನೆಯ ಕಲಮಿನಿಂದ ಕೊಟ್ಟ ಬಿಡುಗಡೆಯನ್ನು ಕಿತ್ತುಕೊಂಡಿತು. ಮತ್ತೆ ಐದು ವರ್ಷ ಹೋರಾಟ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಒಪ್ಪಿಗೆಯಿಂದ ಕೂಡಿದ ವಯಸ್ಕರ ಒಲವು ಅಪರಾಧವಲ್ಲವೆಂದು ಒಕ್ಕೊರಲಿನಿಂದ ಹೇಳಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಮಾತ್ರ ಸಿಗಲಿಲ್ಲ.

ಸಿನಿಮಾ ಹಾಡು ಈ ಹೊತ್ತಿಗೂ ಗೆಳೆತನದ ಹೊಸ್ತಿಲಲ್ಲೇ ನಿಂತಿದೆ. ‘ದಿಗ್ಗಜರು’ (2001) ಚಿತ್ರದಲ್ಲಿ ವಿಷ್ಣುವರ್ಧನ್ ಮತ್ತು ಅಂಬರೀಶ್ ಹೆಗಲ ಮೇಲೆ ಕೈಹಾಕಿಕೊಂಡು ಹಾಡಿದ ‘ಕುಚಿಕು’ ಹಾಡಿಗೆ ನಾಡು ಇಂದಿಗೂ ಕಣ್ಣು ತುಂಬಿಕೊಳ್ಳುತ್ತದೆ. ಗಂಡಸು ಗಂಡಸಿಗೆ ಪ್ರಾಣ ಕೊಡುವೆನೆಂದರೆ ನಮ್ಮ ಜನ ಚಪ್ಪಾಳೆ ತಟ್ಟುತ್ತಾರೆ. ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಸಂಚಾರಿ ವಿಜಯ್ ಮಾಡಿದ ಪಾತ್ರಕ್ಕೂ ಮನಸ್ಸು ಕೊಟ್ಟರು, ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ನಾನು ಗಂಡಸು, ನಾನು ಒಲಿದದ್ದು ಗಂಡಸಿಗೆ, ಅವನು ನನಗೆ ಒಲಿಯಲಿಲ್ಲ ಎಂದು ವೇಷವಿಲ್ಲದೆ, ದೇವರ ಹೆಸರಿಲ್ಲದೆ, ಗೆಳೆತನದ ನೆಪವಿಲ್ಲದೆ ಎದೆಬಿಚ್ಚಿ ಹಾಡುವ ಕನ್ನಡ ದನಿ ಜನಪ್ರಿಯ ಗೀತೆಯ ನಡುಹರಿವಿನಲ್ಲಿ ಇನ್ನೂ ನೆಲೆಗೊಂಡಿಲ್ಲ.

ಹೆಣ್ಣಾಗಿ ಹಾಡಿದ್ದು ವಚನದ ದಾರಿ. ಪ್ರಿಯನನ್ನು ಗಂಡಾಗಿಯೇ ಉಳಿಸಿಕೊಂಡದ್ದು ಗಜಲಿನ ದಾರಿ. ಗೆಳೆಯನೆಂದು ಕರೆದದ್ದು ಸಿನಿಮಾದ ದಾರಿ. ಮೂರನ್ನೂ ಬಲ್ಲ ಭಾಷೆಗೆ ನಾಲ್ಕನೆಯದು ಕಷ್ಟವಾಗಬೇಕಿಲ್ಲ. ಅದಕ್ಕೆ ಬೇಕಾದ ಪದ, ಧಾಟಿ, ಕೇಳುವ ಕೆಳದಿ ಎಲ್ಲವೂ ಮನೆಯಲ್ಲೇ ಇವೆ. ಸಲಿಂಗಪ್ರೇಮದ ಹಾಡು ಬರೆಯಬೇಕೆಂದಿರುವ ಇಂಡಿಯ, ಸಿಂದಗಿಯ, ಬಾಗೇವಾಡಿಯ ಹುಡುಗ ಹುಡುಗಿಯರು ಇಂಗ್ಲಿಷ್ ಹಾಡಿನ ತರ್ಜುಮೆಗೆ ಕೂರುವ ಮೊದಲು ಗಜೇಶ ಮಸಣಯ್ಯನನ್ನು, ಉರಿಲಿಂಗದೇವನನ್ನು, ಹಾಶ್ಮಿಯನ್ನು, ಮಧುರಚೆನ್ನರನ್ನು ಓದಲಿ. ತಾತ ಹಾಡುವ ತತ್ವಪದಕ್ಕೆ ಹಿಂದಿನಿಂದ ಸೊಲ್ಲು ಕೂಡಿಸಲಿ. ಶಾಲೆಯ ವಚನ ಗಾಯನ ಸ್ಪರ್ಧೆಗಳಲ್ಲಿ ಅವೇ ಹತ್ತು ವಚನಗಳನ್ನು ತಿರುತಿರುಗಿ ಹಾಡಿಸುವ ಮೇಷ್ಟ್ರುಗಳು ಈ ವಿರಹದ ವಚನಗಳನ್ನೂ ಗಂಡುಮಕ್ಕಳ ಬಾಯಿಗೆ ಹಾಕಲಿ. ಹಾಗೆ ಹಾಡಿ ಬೆಳೆದ ಹುಡುಗ ಮುಂದೊಂದು ದಿನ ಮನೆಯಲ್ಲಿ ಕೂತು, ನಾನು ಒಲಿದವನು ಇಂಥವನು ಎಂದು ಹೆಸರು ಹೇಳಿದರೆ, ಕೇಳುವ ತಂದೆತಾಯಿಗೆ ಆ ಮಾತು ಹೊಸದೆನಿಸಬಾರದು. ನಲ್ಲನಿಗಾಗಿ ಅಳುವ ಗಂಡುದನಿಯನ್ನು ಭಜನೆಯಲ್ಲಿ ಗೌರವಿಸಿದ ಜನ ಅದನ್ನು ಮನೆಯ ಪಡಸಾಲೆಯಲ್ಲೂ ಗೌರವಿಸುವುದು ಸಾಧ್ಯ, ನ್ಯಾಯವೂ ಹೌದು.